ಚೌಕದ ಕೆಳಗೆ ಬರೆದಿಟ್ಟ ಪಾಸ್‌ವರ್ಡ್

ನಮ್ಮ ಜನಕ್ಕೆ ಪಾಸ್‌ವರ್ಡ್ ಕಾಪಾಡಿಕೊಳ್ಳಲು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಚೀಟಿಯಲ್ಲಿ ಬರೆದಿಡುತ್ತಾರಂತೆ, ಪಕ್ಕದವರಿಗೆ ಕೂಗಿ ಹೇಳುತ್ತಾರಂತೆ. ಅಲ್ಲಿಗೆ ತೀರ್ಪು ಮುಗಿಯಿತು. ಆ ಪಾಸ್‌ವರ್ಡನ್ನು ಅವರ ಕೈಗಿಟ್ಟವರು ಯಾರು ಎಂದು ಯಾರಾದರೂ ಕೇಳಿದ್ದೀರಾ?

ಜಕ್ಕಲಿಯ ನನ್ನ ಚಿಕ್ಕಮ್ಮನ ಮಗಳು ಸವಿತಾ, ನರ್ಸಿಂಗ್ ಕಾಲೇಜೊಂದರ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದ್ದಳು. ಸೀಟೂ ಸಿಕ್ಕಿತ್ತು. ಕಳೆದ ವಾರ ಲಾಗಿನ್ ಆದರೆ ತೆರೆಯ ಮೇಲೆ ಒಂದೇ ಮಾತು: ‘ನಿಮ್ಮ ಕೋರಿಕೆಯಂತೆ ಸೀಟು ರದ್ದಾಗಿದೆ.’

ಯಾರ ಕೋರಿಕೆ?

ಹ್ಯಾಕರ್ ಎಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡೆವು. ಅಷ್ಟರಲ್ಲಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಅವಳ ದೊಡ್ಡಪ್ಪ (ಫೋನಿನಲ್ಲಿ ಹೆಸರು ಸೇವ್ ಮಾಡಲೂ ಬಾರದವರು) ತಣ್ಣಗೆ ಹೇಳಿದರು:

“ನಾನ ರದ್ದ ಮಾಡಿಸೀನಿ, ರೋಣದಾಗ ಕಂಪ್ಯೂಟರ್ ಅಂಗಡ್ಯಾಗ. ಹೆಣ್ಣಹುಡುಗಿ ರಾತ್ರಿ ಪಾಳಿ ಮಾಡೋದು ಬ್ಯಾಡ.”

“ಪಾಸ್‌ವರ್ಡ್ ಹ್ಯಾಂಗ ಸಿಕ್ತರಿ ನಿಮಗ?” ಎಂದೆ.

“ಅದರಾಗೇನ ಮುಚ್ಚುಮರಿ? ಚೌಕದ ಕೆಳಗ ಅವರ ಬರದಾರಲ್ಲ! ಎಲ್ಲಾರೂ ಅದನ್ನ ಹಾಕ್ಯಾರ.”

(ದೊಡ್ಡಪ್ಪನ ಜೊತೆಗಿನ ಜಗಳ ಬೇರೆ, ಅದು ಮನೆಯಲ್ಲಿ ಇನ್ನೂ ನಡೆದಿದೆ.)

ನೋಂದಣಿ ಪುಟ ತೆರೆದು ನೋಡಿದೆ. ಪಾಸ್‌ವರ್ಡ್ ಚೌಕದ ಕೆಳಗೆ ಖರೇ ಬರೆದಿತ್ತು: ‘ಹೀಗಿರಲಿ: Nurse@123.’ ದೊಡ್ಡಕ್ಷರ, ಅಂಕಿ, ಚಿಹ್ನೆ, ಎಲ್ಲ ನಿಯಮಕ್ಕೂ ತಲೆಬಾಗಿದ ಮಾದರಿ. ನಮ್ಮ ಕಚೇರಿಗಳ ಗೋಡೆಗೆ ಮಾದರಿ ಅರ್ಜಿ ಅಂಟಿಸಿರುತ್ತಾರೆ. ಅದನ್ನು ಚಾಚೂ ತಪ್ಪದೆ ಇಳಿಸುವುದೇ ನಮಗೆ ಕಲಿಸಿದ ಶಿಸ್ತು. ಸವಿತಾ ಇಳಿಸಿದಳು. ಯಾವಗಲ್ ಊರಿನ ಅವಳ ಗೆಳತಿಯರೂ ಇಳಿಸಿದರು. ಸೈಟು ಹಸಿರು ಟಿಕ್ ಹಾಕಿ ಶಭಾಷ್ ಎಂದಿತು! ಲಾಗಿನ್ ಹೆಸರು ಮೊಬೈಲ್ ನಂಬರು, ಅದು ಮನೆಮಂದಿಗೆಲ್ಲ ಬಾಯಿಪಾಠ.

ಸೈಟು ಮಾಡಿದವನು ಗಜೇಂದ್ರಗಡದ ಮಂಜು. ನಾನು ಓದಿದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೊತೆಗಾರ. ಫೋನ್ ಮಾಡಿದೆ.

“ನಿಯಮ ನಾನ ಬರದಿದ್ದು. ‘ಪಾಸ್‌ವರ್ಡ್ ತಗೋವಲ್ದು’ ಅಂತ ದಿನಾ ಫೋನು. ತಲಿ ಕೆಟ್ಟು ಮಾದರಿ ಹಾಕ್ದೆ. ಅದನ್ನ ಇಳಿಸಿದ್ರ ಯೂಸರ್ ತಪ್ಪು ದೋಸ್ತ.”

“ಮಾದರಿನ ಹಾಕಿದ್ರ ತಗೋಬ್ಯಾಡ ಅಂತ ಇನ್ನೊಂದು ನಿಯಮ ಬರಿಯಾಕ ಎಷ್ಟೊತ್ತು ಬೇಕಿತ್ತು?”

“ಎಷ್ಟೊತ್ತೇನು, ಒಂದ ಸಾಲು.”

ಒಂದು ಸಾಲು! ಇತ್ತ ನರ್ಸಿಂಗ್ ಕಾಲೇಜಿನವರು, ‘ನಿಮ್ಮದೇ ಲಾಗಿನ್, ನಿಮ್ಮದೇ ಪಾಸ್‌ವರ್ಡ್, ಸೀಟು ಮುಂದಿನವರಿಗೆ ಹೋಯಿತು’ ಎಂದು ಕೈತೊಳೆದುಕೊಂಡಿದ್ದಾರೆ.

“ಮಂಜು, ಫೋನ್ ಸ್ಪೀಕರ್ ಮ್ಯಾಲೈತಿ, ಸವಿತಾ ಇಲ್ಲೇ ಕುಂತಾಳ. ಆ ಒಂದ ಸಾಲು ನೀ ಬರದಿಟ್ಟಿದ್ರ ಸೀಟು ಉಳೀತಿತ್ತೋ ಇಲ್ಲೋ, ಅಕಿಗೇ ಹೇಳ್ತಿಯೇನು?”