ಮಂಡಿಗೆ ಹಚ್ಚಿದ ಎಣ್ಣೆ

ನಮ್ಮಪ್ಪ ಕುಡಿದು ಕುಡಿದೇ ಸತ್ತ. ನಾನು ಕುಡಿಯುವುದು ಅಂಥದ್ದಲ್ಲ, ಬೆಟ್ಟದ ಗಿಡಮೂಲಿಕೆ ಹಾಕಿ ಇಳಿಸಿದ ದುಬಾರಿ ಜಿನ್ ಎಂಬ ದರಿದ್ರ ಜಂಭ ನನಗಿತ್ತು. ಒಂದು ಭಾನುವಾರ ಜಯನಗರದ ಮನೆಯಲ್ಲಿ ಕೂತು ಗೆಳೆಯನಿಗೆ ಫೋನ್ ಮಾಡಿ, “ಮಗಾ, ಬೆಟ್ಟದ ಗಿಡಮೂಲಿಕೆ ಎಣ್ಣೆ, ಸಖತ್ತಾಗಿದೆ” ಎಂದು ಕೊಚ್ಚಿಕೊಂಡೆ. ನಮ್ಮ ಹುಡುಗರ ಬಾಯಲ್ಲಿ ಹೆಂಡಕ್ಕೂ ಎಣ್ಣೆ ಅಂತಲೇ ಹೆಸರು. ಪಕ್ಕದ ಕೋಣೆಯಿಂದ ಕೇಳಿಸಿಕೊಂಡ ಅಮ್ಮನಿಗೆ ಅದು ಗೊತ್ತಿರಲಿಲ್ಲ.

ಮರುದಿನ ಸಂಜೆ ಆಫೀಸಿನಿಂದ ಬಂದರೆ, ನಾನು ಬೀರುವಿನಲ್ಲಿ ಬಚ್ಚಿಟ್ಟಿದ್ದ ಬಾಟಲಿ ಅಮ್ಮನ ಪಕ್ಕದಲ್ಲಿತ್ತು. ಲೇಬಲ್ಲಿನ ತುಂಬ ಎಲೆ, ಬೇರುಗಳ ಚಿತ್ರ. ಅವಳು ಅದನ್ನು ನೋಯುವ ಮಂಡಿಗೆ ಉಜ್ಜಿಕೊಳ್ಳುತ್ತಿದ್ದಳು.

“ಜಿಡ್ಡೇ ಇಲ್ವಲ್ಲೋ ಈ ಎಣ್ಣೇಲಿ,” ಎಂದಳು.

ಆಮೇಲೆ ಅಂಗೈ ಮೂಸಿ ನೋಡಿ, ಬಾಟಲಿಯನ್ನು ಮೆಲ್ಲಗೆ ದೂರ ಸರಿಸಿದಳು.

“ಮೊದ್ಲು ಘಮ್ಮಂತಿತ್ತು. ಈಗ ನಿಮ್ಮಪ್ಪನ ವಾಸನೆ ಬರ್ತಿದೆ ಕಣೋ.”