ಯಾಮ್ನಾಳ ತಾಮ್ರದ ಕೊಡ

ಜವಾದ್ ಮಾಸ್ತರನ ಪುಸ್ತಕವನ್ನು ಯಾಮ್ನಾಳಿಗೆ ಓದಿ ಹೇಳಿದವಳು ನಾನೇ. ಓದಿದ ತಪ್ಪು ನನ್ನದು, ಒಪ್ಪುತ್ತೇನೆ. ಬರೆದ ತಪ್ಪು ಅವನದು. ಅದನ್ನು ನಾನು ಸಾಯುವವರೆಗೂ ಮರೆಯುವವಳಲ್ಲ.

ಸೆಫ್ರೂ ಊರಿನ ಹಳೇ ಹಮ್ಮಾಮಿನಲ್ಲಿ, ಅಂದರೆ ಊರವರೆಲ್ಲ ಮೀಯುವ ಹಬೆಮನೆಯಲ್ಲಿ, ನನ್ನದು ಬಾಗಿಲ ಪಕ್ಕದ ಕಟ್ಟೆ. ಹೆಂಗಸರ ಬಟ್ಟೆಗಂಟು ಕಾಯುವುದು, ಯಾರು ಒಳಗೆ ಹೋದರು ಯಾರು ಹೊರಗೆ ಬಂದರು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಯಾಮ್ನಾಳದು ಒಳಗಿನ ಬಿಸಿಕೋಣೆ. ಮೂವತ್ತಾರು ವರ್ಷಗಳಿಂದ ಅವಳು ಈ ಊರಿನ ಹೆಂಗಸರ, ಮಕ್ಕಳ ಬೆನ್ನು ಉಜ್ಜುತ್ತಿದ್ದಾಳೆ. ಕಪ್ಪು ಸಾಬೂನು ಬಳಿದು, ಒರಟು ಕೈಗವಸು ತೊಟ್ಟು ಶುರು ಮಾಡಿದಳೆಂದರೆ ಒಂದೊಂದು ಉಜ್ಜಿಗೂ ಲೆಕ್ಕ ಹೇಳುತ್ತಾಳೆ. "ಇದು ನಿಮ್ಮಮ್ಮನ ಪಾಲು, ಇದು ನಿಮ್ಮಪ್ಪನ ಪಾಲು, ಇದು ನಿಮ್ಮನೆ ಕತ್ತೆ ಪಾಲು." ಕತ್ತೆಯ ಪಾಲು ಬಂದಾಗ ಮಕ್ಕಳು ನಗಲೇಬೇಕು. ನಗುವಾಗ ಉಜ್ಜಿದರೆ ನೋವು ಗೊತ್ತಾಗುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ.

ಅದೂ ಸಾಲದೆ ಅಳುವ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ನಮ್ಮ ಕಡೆ ಹಗಲು ಹೊತ್ತು ಕಥೆ ಹೇಳಬಾರದು. ಹೇಳಿದರೆ ತಲೆ ಬೋಳಾಗುತ್ತದೆ, ಹೇಳಿದವರದು ಉಳಿದರೂ ಅವರ ಮಕ್ಕಳದು ಉಳಿಯುವುದಿಲ್ಲ. ಯಾಮ್ನಾ ಇದಕ್ಕೂ ದಾರಿ ಹುಡುಕಿದ್ದಳು. "ಈ ಗುಮ್ಮಟದೊಳಗೆ ಬಿಸಿಲೇ ಬರಲ್ಲ ತಾಮೂ. ಬಿಸಿಲಿಲ್ಲದ ಮೇಲೆ ಹಗಲು ಎಲ್ಲಿಂದ ಬಂತು?" ಎಂದು ನನ್ನನ್ನೇ ಕೇಳುತ್ತಿದ್ದಳು. ಆ ಮಾತಿಗೆ ಮಸೀದಿಯ ದೊಡ್ಡವರೂ ಉತ್ತರ ಕೊಡಲಾರರು.

ಅವಳ ಕಥೆಗಳಲ್ಲಿ ದೊಡ್ಡದು ತಾಮ್ರದ ಕೊಡದ ಕಥೆ. ಕತ್ತೆ ಕಾಯುವವನ ಮಗಳು ಬಾಯಿ ಬಿಗಿದ ಒಂದು ಕೊಡವನ್ನು ಸುಲ್ತಾನನ ಊರಿಗೆ ಮುಟ್ಟಿಸಬೇಕು. ಜೊತೆಗಿರುವ ಕತ್ತೆ ಮಾತಾಡುತ್ತದೆ, ಆದರೆ ಬರೀ ಸುಳ್ಳು. ಅದು ಎಡಕ್ಕೆ ಹೋಗು ಎಂದರೆ ಹುಡುಗಿ ಬಲಕ್ಕೆ ಹೋಗಬೇಕು. ಕೊಡವೋ ಏರು ಹತ್ತುವಾಗ ಹಗುರ, ಇಳಿಯುವಾಗ ಭಾರ. ಕಿವಿಯಿಟ್ಟು ಕೇಳಿದರೆ ಒಳಗೆ ಯಾರೋ ನಗುತ್ತಿರುತ್ತಾರೆ. ದಾರಿಯಲ್ಲಿ ಮೈ ಉಜ್ಜುವ ಒಬ್ಬ ಮುದುಕಿ ಸಿಕ್ಕಿ, ಕತ್ತೆಗೆ ಸ್ನಾನ ಮಾಡಿಸಿ, ಹುಡುಗಿಗೆ ರೊಟ್ಟಿ ಕೊಟ್ಟು, ಕೊಡದ ಬಾಯಿ ಬಿಚ್ಚುವ ಗುಟ್ಟು ಹೇಳಿಕೊಡುತ್ತಾಳೆ. ಈ ಕಥೆ ಒಂದೇ ಸ್ನಾನಕ್ಕೆ ಮುಗಿಯಲಿಲ್ಲ. ಗುರುವಾರಕ್ಕೊಮ್ಮೆ ಒಂದು ತುಂಡು, ಹೀಗೆ ಒಂದು ಚಳಿಗಾಲವೆಲ್ಲ ನಡೆಯಿತು.

ಜವಾದನೂ ಅವಳ ಕಥೆ ಕೇಳಿಯೇ ಬೆಳೆದವನು. ಆಗ ತಾಯಿಯ ಸೆರಗು ಹಿಡಿದು ಬರುತ್ತಿದ್ದ, ತಲೆ ತುಂಬ ಗುಂಗುರು ಕೂದಲು. ಯಾಮ್ನಾಳಿಗೆ ಅವನೆಂದರೆ ಪ್ರಾಣ. ತೊಟ್ಟಿಯ ಮೊದಲ ಬಿಸಿನೀರು ಅವನಿಗೇ ಮೀಸಲು. ಗಂಡುಮಕ್ಕಳು ಹೆಂಗಸರ ಹೊತ್ತಿನಲ್ಲಿ ಹಮ್ಮಾಮಿಗೆ ಬರುವುದಕ್ಕೂ ಒಂದು ವಯಸ್ಸಿದೆ, ಅದು ಎಷ್ಟು ಎಂದು ಯಾರೂ ಬರೆದಿಟ್ಟಿಲ್ಲ. ಕಣ್ಣು ಬಲಿತಿದೆ ಎಂದು ಹೆಂಗಸರಿಗೆ ಅನ್ನಿಸಿದ ದಿನ ಅದು ಮುಗಿಯುತ್ತದೆ. ಎಂಟನೇ ವರ್ಷದ ಒಂದು ಗುರುವಾರ ಜವಾದ್ ಬೇಕರಿಯವನ ಹೆಂಡತಿಯ ಮುಂದೆ ನಿಂತು, ಯಾಮ್ನಾಳ ರಾಗದಲ್ಲೇ, "ಇದು ಒಂದನೇ ಹೊಟ್ಟೆ, ಇದು ಎರಡನೇ ಹೊಟ್ಟೆ, ಇದು ಮೂರನೇದು" ಎಂದು ಎಣಿಸಿದ. ಗುಮ್ಮಟದ ಕೆಳಗೆ ಅದು ಮೂರು ಸಲ ಮೊಳಗಿತು. ಹೆಂಗಸರೆಲ್ಲ ಯಾಮ್ನಾಳ ಮುಖ ನೋಡಿದರು. ಇನ್ನು ಬರಬೇಡ ಎನ್ನುವ ಮಾತು ಹೇಳಬೇಕಾದವಳು ಮೈ ಉಜ್ಜುವವಳೇ, ಅದು ನಡೆದುಬಂದ ರೀತಿ. ಅವಳು ಅವನ ಕೈ ಹಿಡಿದು ನನ್ನ ಕಟ್ಟೆಯವರೆಗೂ ತಂದು ಬಿಟ್ಟಳು. "ಮುಂದಿನ ಸಲ ನಿಮ್ಮಪ್ಪನ ಜೊತೆ ಬಾ ಮಗಾ" ಎಂದಳು.

ಅವನು ಅತ್ತಿದ್ದು ಸ್ನಾನಕ್ಕಲ್ಲ. ಆ ದಿನ ಕೊಡದ ಬಾಯಿ ಬಿಚ್ಚಬೇಕಿತ್ತು. ಒಳಗೆ ಉಳಿದ ಮಕ್ಕಳು ಹೋ ಎಂದು ಕೂಗಿದ್ದು ಅವನಿಗೆ ಬಾಗಿಲಾಚೆಯಿಂದ ಕೇಳಿಸಿತು, ನಾಚಿಕೆಗೆ ಆಮೇಲೂ ಯಾರನ್ನೂ ಕೇಳಲಿಲ್ಲ. ಆವತ್ತು ಯಾಮ್ನಾಳೂ ಮಧ್ಯಾಹ್ನದ ರೊಟ್ಟಿ ಮುಟ್ಟಲಿಲ್ಲ, ಆ ಕಥೆಯನ್ನು ಮತ್ತೆ ಹೇಳಲೂ ಇಲ್ಲ.

ಅದಾಗಿ ಮೂವತ್ತೆರಡು ವರ್ಷ. ಜವಾದ್ ನಮ್ಮ ಊರಿನ ಶಾಲೆಯಲ್ಲೇ ಮಾಸ್ತರನಾದ, ಮದುವೆಯಾದ, ಕೂದಲು ಕಳೆದುಕೊಂಡ, ಮಕ್ಕಳಿಗಾಗಿ ಒಂದು ತಮಾಷೆಯ ಕಾದಂಬರಿ ಬರೆದ. 'ಹಬೆಕೋಟೆಯ ರಕ್ಕಸಿ' ಅಂತ ಹೆಸರು. ಊರಿಗೆ ಊರೇ ಕೊಂಡಿತು. ನಾನೂ ತಂದೆ. ಯಾಮ್ನಾ ಓದಿದವಳಲ್ಲ. ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಕೂತು ರೊಟ್ಟಿ, ಆಲಿವ್ ಕಾಯಿ ತಿನ್ನುತ್ತಾ, "ಓದೇ ತಾಮೂ, ನಮ್ಮ ಹುಡುಗ ಏನು ಬರೆದಿದ್ದಾನೋ ಕೇಳೋಣ" ಅಂದಳು.

ಸುಳ್ಳು ಹೇಳುವ ಕತ್ತೆ ಬಂದಾಗ ಅವಳ ಮುಖ ಅರಳಿತು. "ನನ್ನ ಕತ್ತೆ ಕಣೇ ಅದು" ಅಂದಳು. ನಗುವ ಕೊಡ ಬಂತು. ಆಮೇಲೆ ಮೈ ಉಜ್ಜುವ ಮುದುಕಿ ಬರಬೇಕಾದ ಕಡೆ ರಕ್ಕಸಿ ಬಂದಳು. ಅವಳಿಗೆ ಎಡ ಮೊಣಕೈ ಮೇಲೆ ಸುಟ್ಟ ಕಲೆ, ಮುಂದೆ ಒಂದು ಬಂಗಾರದ ಹಲ್ಲು. ಒರಟು ಕೈಗವಸು ಹಾಕಿ ಮಕ್ಕಳ ಚರ್ಮ ಸುಲಿದು ಸಾರು ಮಾಡುತ್ತಾಳೆ, ಸುಲಿಯುವಾಗ "ಇದು ನಿಮ್ಮಮ್ಮನ ಪಾಲು, ಇದು ನಿಮ್ಮಪ್ಪನ ಪಾಲು" ಎನ್ನುತ್ತಾಳೆ. ನಾನು ಅಲ್ಲಿಗೇ ನಿಲ್ಲಿಸಿದೆ. ಯಾಮ್ನಾ ತನ್ನ ಎಡ ಮೊಣಕೈಯ ಕಲೆಯ ಮೇಲೆ ಅಂಗಿಯ ತೋಳು ಇಳಿಸಿಕೊಂಡಳು.

"ನನ್ನ ಕಥೇಲಿ ರಕ್ಕಸಿ ಇರಲೇ ಇಲ್ಲ" ಅಂದಳು. "ಆ ಮುದುಕಿ ರೊಟ್ಟಿ ಕೊಟ್ಟಿದ್ದಳು."

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಹಾಕಿದ್ದಕ್ಕೆ ಮೂವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸೇಡು ತೀರಿಸಿಕೊಂಡಿದ್ದ, ಗೊಗ್ಗರು ದನಿಯ ಆ ಸಣ್ಣ ಮನಸ್ಸಿನ ಮಾಸ್ತರ. ಆದರೆ ಉರಿಯುವುದಕ್ಕೆ ಇನ್ನೂ ಬಾಕಿಯಿತ್ತು. ಮಕ್ಕಳು ಹಮ್ಮಾಮಿನ ಬಾಗಿಲಲ್ಲೇ ಕಂಬ ಹಿಡಿದು ಕಿರುಚತೊಡಗಿದವು. ಬೀದಿಯಲ್ಲಿ ಯಾಮ್ನಾ ನಡೆದರೆ ಹಿಂದಿನಿಂದ "ಇದು ನಿಮ್ಮಮ್ಮನ ಪಾಲು" ಎಂದು ಕೂಗಿ ಓಡಿದವು. ತಾಯಂದಿರು ಎಷ್ಟು ದಿನ ಎಳೆದು ತಂದಾರು? ಸೇತುವೆಯಾಚೆ ನಲ್ಲಿ ಇಟ್ಟ ಹೊಸ ಸ್ನಾನದ ಮನೆಗೆ ಹೋದರು. ಎರಡು ತಿಂಗಳಿಗೆ ನಮ್ಮ ಬಿಸಿಕೋಣೆಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಹಮ್ಮಾಮಿನ ಯಜಮಾನ ಹಾಜ್ ಲಾರ್ಬಿ ಬಂದು, ನೆಲ ನೋಡಿಕೊಂಡು, ಅಮ್ಮಾವ್ರೇ ಎನ್ನುವ ಹಾಗೆ ಲಲ್ಲಾ ಎಂದು ಕರೆದು ಮಾತಾಡಿದ. "ಲಲ್ಲಾ ಯಾಮ್ನಾ, ದೊಡ್ಡ ಹಬ್ಬದವರೆಗೂ ನೋಡ್ತೀನಿ. ಹಬ್ಬದ ಸ್ನಾನಕ್ಕೂ ಮಕ್ಕಳು ಬರದೇ ಹೋದ್ರೆ ಬೇರೆಯವರನ್ನ ಇಡಬೇಕಾಗುತ್ತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

"ಮೂವತ್ತಾರು ವರ್ಷ ಆಯ್ತು ಹಾಜ್" ಅಂದಳು ಯಾಮ್ನಾ. "ಮದುವೆ ಸ್ನಾನಕ್ಕೆ ಅಂತ ಕರ್ಕೊಂಡು ಬಂದಾಗ ನಿಮ್ಮ ಹೆಂಡತೀನ ಉಜ್ಜಿದ್ದು ನಾನೇ."

"ಗೊತ್ತು" ಅಂದ ಅವನು, ಹೋದ. ಹಬ್ಬಕ್ಕೆ ಹದಿಮೂರು ದಿನ ಉಳಿದಿತ್ತು. ಯಾಮ್ನಾಳಿಗೆ ಮಕ್ಕಳಿಲ್ಲ, ಗಂಡನಿಲ್ಲ, ಆ ಬಿಸಿಕೋಣೆ ಹೋದರೆ ಹೋಗುವುದಕ್ಕೆ ಜಾಗವಿಲ್ಲ.

ಅದೇ ವಾರ ಶಾಲೆಯಂಗಳದಲ್ಲಿ ಜವಾದನ ಪುಸ್ತಕ ಓದುವ ಕಾರ್ಯಕ್ರಮ ಇಟ್ಟರು. ನಾನು ಬೇಡವೆಂದರೂ ಯಾಮ್ನಾ ಒಳ್ಳೇ ಜಲ್ಲಾಬಿ ನಿಲುವಂಗಿ ತೊಟ್ಟು ಹೊರಟಳು. ಬೈಯುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಎಂದುಕೊಂಡೆ, ಹಿಡಿಯಲು ಅವನಲ್ಲಿ ಜುಟ್ಟಿರಲಿಲ್ಲ. ನಡು ಮಧ್ಯಾಹ್ನ, ತಲೆಯ ಮೇಲೆ ಸೂರ್ಯ. ಜವಾದ್ ಕೊನೆಯ ಅಧ್ಯಾಯ ಓದಿದ. ರಕ್ಕಸಿ ತನ್ನ ಹಂಡೆಗೆ ತಾನೇ ಬಿದ್ದಳು, ಕೊಡ ಕೈಜಾರಿ ಹೊಳೆಗೆ ಬಿತ್ತು, ಎಲ್ಲರೂ ಸುಖವಾಗಿದ್ದರು.

ಮುಂದಿನ ಸಾಲಿನಿಂದ ಒಂದು ಹುಡುಗಿ ಎದ್ದಳು. ಜವಾದನ ಮಗಳೇ, ಹಿಬಾ, ಒಂಬತ್ತು ವರ್ಷದವಳು. "ಅಪ್ಪಾ, ಕೊಡದೊಳಗೆ ನಗ್ತಿದ್ದಿದ್ದು ಯಾರು?"

"ಅದನ್ನ ನೀವೇ ಊಹಿಸ್ಕೋಬೇಕು ಪುಟ್ಟಿ" ಅಂದ ಜವಾದ್.

"ಮನೇಲೂ ಹೀಗೇ ಅಂತೀಯ. ನಿಂಗೆ ಗೊತ್ತಿಲ್ಲ ತಾನೇ?"

ಮಕ್ಕಳು ಗೊಳ್ಳೆಂದು ನಕ್ಕವು. ಆ ನಗು ನಿಲ್ಲುವ ಮೊದಲೇ ಯಾಮ್ನಾ ಎದ್ದು ನಿಂತಳು. "ಅವನಿಗೆ ಗೊತ್ತಿಲ್ಲಮ್ಮ. ಅದು ನನ್ನ ಕಥೆ. ಅಷ್ಟು ಕೇಳೋ ಹೊತ್ತಿಗೆ ನಿಮ್ಮಪ್ಪನ್ನ ಹೊರಗೆ ಕಳಿಸಿದ್ವಿ. ಬೇಕರಿಯವಳ ಹೊಟ್ಟೆ ಎಣಿಸ್ತಿದ್ದ."

ಮಾಸ್ತರರೆಲ್ಲ ಜವಾದನ ಕಡೆ ತಿರುಗಿದರು. ಅವನ ಬೋಳುತಲೆ ಕೆಂಪಾಗಿ ಹೊಳೆಯಿತು. ಮಕ್ಕಳು ರಕ್ಕಸಿಯನ್ನು ಮರೆತು, "ಹೇಳಿ ಖಾಲ್ತಿ, ಯಾರು ನಗ್ತಿದ್ದಿದ್ದು?" ಎಂದು ಮುಗಿಬಿದ್ದವು. ಖಾಲ್ತಿ ಎಂದರೆ ತಾಯಿಯ ತಂಗಿ. ಎರಡು ತಿಂಗಳಿಂದ ಯಾವ ಮಗುವೂ ಅವಳನ್ನು ಹಾಗೆ ಕರೆದಿರಲಿಲ್ಲ.

ಯಾಮ್ನಾ ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದಳು. "ಇಲ್ಲಿ ಹೆಂಗೆ ಹೇಳಲಿ? ಬಿಸಿಲಲ್ಲಿ ಕಥೆ ಹೇಳಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ? ಗೊತ್ತಿಲ್ಲದವರು ಅಲ್ಲಿ ನೋಡಿ" ಎಂದು ಜವಾದನ ತಲೆ ತೋರಿಸಿದಳು. ಇನ್ನೂರು ಮಕ್ಕಳು ಒಟ್ಟಿಗೇ ತಮ್ಮ ತಲೆ ಮುಟ್ಟಿ ನೋಡಿಕೊಂಡರು. "ಕೇಳಬೇಕು ಅನ್ನೋರು ಹಮ್ಮಾಮಿಗೆ ಬನ್ನಿ. ಅಲ್ಲಿ ಬಿಸಿಲು ಬರಲ್ಲ."

ನನ್ನ ಹೊಟ್ಟೆ ಅರ್ಧ ತಣ್ಣಗಾಯಿತು. ಉಳಿದರ್ಧ ಮರುದಿನ ಬೆಳಿಗ್ಗೆ ತಣ್ಣಗಾಯಿತು. ಬಾಗಿಲು ತೆರೆಯುವ ಮೊದಲೇ ತಾಯಂದಿರನ್ನು ಮಕ್ಕಳೇ ಎಳೆದುಕೊಂಡು ಬಂದಿದ್ದವು. ಬಟ್ಟೆಗಂಟು ಇಡಲು ಕಟ್ಟೆ ಸಾಲದೆ ನಾನು ನಿಂತುಕೊಂಡೇ ಕೆಲಸ ಮಾಡಿದೆ. ಹಾಜ್ ಲಾರ್ಬಿ ಬೀದಿಯ ತುದಿಯಿಂದ ನೋಡಿ, ಹೆಚ್ಚು ಕಟ್ಟಿಗೆ ತರಿಸಲು ಓಡಿದ.

ಯಾಮ್ನಾ ಮಾತ್ರ ಒಂದು ಕಟ್ಟಳೆ ಮಾಡಿದಳು. ಬಿಸಿಕೋಣೆಯ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರ ನಾಲಿಗೆಯ ಮೇಲೂ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಉಪ್ಪು ಇಟ್ಟಳು. ರೊಟ್ಟಿ ಉಪ್ಪು ತಿಂದ ಮೇಲೆ ತಿನ್ನಿಸಿದವರಿಗೆ ಮೋಸ ಮಾಡುವಂತಿಲ್ಲ, ಅದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. "ಕತ್ತಲಾದ ಮೇಲೆ ಯಾರಿಗೆ ಬೇಕಾದರೂ ಹೇಳ್ಕೊಳ್ಳಿ. ಅಣ್ಣಂದಿರಿಗೆ, ಗಂಡಂದಿರಿಗೆ, ಅಜ್ಜಂದಿರಿಗೆ. ಅವನೊಬ್ಬನಿಗೆ ಬೇಡ. ಅವನಿಗೆ ಹೇಳೋರಿಗೂ ಹೇಳಬೇಡಿ" ಅಂದಳು. ಬೇಕರಿಯವನ ಹೆಂಡತಿ ಈಗ ಅಜ್ಜಿ, ಎರಡು ಸಲ ಉಪ್ಪು ಕೇಳಿ ತಿಂದಳು. ಜವಾದನ ತಾಯಿ ತಿಂದಳು, ಹೆಂಡತಿ ತಿಂದಳು. ಹಿಬಾ ತಿಂದು ಬೆರಳನ್ನೂ ನೆಕ್ಕಿದಳು. ಕೊಡದ ಬಾಯಿ ಬಿಚ್ಚಿದಾಗ ಒಳಗಿನಿಂದ ಎಂಥಾ ಹೋ ಎದ್ದಿತೆಂದರೆ ನನ್ನ ಕಟ್ಟೆ ನಡುಗಿತು.

ಹಬ್ಬದ ಕುರಿ ಕಡಿಯುವ ಹೊತ್ತಿಗೆ ಇಡೀ ಸೆಫ್ರೂಗೆ ಗೊತ್ತಾಗಿತ್ತು. ಕಟುಕನಿಗೆ ಗೊತ್ತು, ಶಾಲೆಯ ಜವಾನನಿಗೆ ಗೊತ್ತು. ಜವಾದ್ ಕಾಫಿ ಅಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು, ಯಾರೋ ಒಬ್ಬ ಕಪ್ಪಿನೊಳಗೆ ಕಿಸಕ್ಕನೆ ನಗುತ್ತಿದ್ದ. ತರಗತಿಯಲ್ಲಿ ಬೆನ್ನು ತಿರುಗಿಸಿದರೆ ನಲವತ್ತು ಮಕ್ಕಳು ನಗುತ್ತಿದ್ದವು. ಮನೆಯಲ್ಲಿ ಹೆಂಡತಿಯನ್ನು ಬೇಡಿಕೊಂಡನಂತೆ. "ಉಪ್ಪು ತಿಂದಿದ್ದೀನಿ ರೀ" ಅಂದಳಂತೆ ಅವಳು. ಗಂಡಸರ ಹೊತ್ತಿನಲ್ಲಿ ಅದೇ ಬಿಸಿಕೋಣೆಗೆ ಬಂದು, ಅದೇ ಕಲ್ಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದನೆಂದು ನೀರು ಕಾಯಿಸುವವನು ಹೇಳಿದ.

ಹಬ್ಬ ಕಳೆದ ಮೊದಲ ಗುರುವಾರ, ಹೆಂಗಸರ ಹೊತ್ತಿನಲ್ಲಿ, ಅವನು ನಮ್ಮ ಬಾಗಿಲಿಗೆ ಬಂದ. ಒಳಗೆ ಕಾಲಿಡದೆ ಪರದೆಯಾಚೆ ನಿಂತ. ಕೈಯಲ್ಲಿ ಸಕ್ಕರೆಯ ಗೋಪುರ, ತಪ್ಪೊಪ್ಪಿಕೊಳ್ಳಲು ಬರುವವರು ತರುವಂಥದ್ದು. ನನಗೆ ಕೂಡ, ಸುಳ್ಳೇಕೆ, ಒಂದು ಕ್ಷಣ ಅಯ್ಯೋ ಅನ್ನಿಸಿತು. ಯಾಮ್ನಾಳನ್ನು ಕರೆದೆ. ಅವಳು ತಲೆಗೆ ಟವೆಲು ಸುತ್ತಿಕೊಂಡು ಬಂದು ಅವನನ್ನು ನೋಡಿದಳು. ಅವಳ ಕಣ್ಣು ಮೆತ್ತಗಾಯಿತು. ಮೊದಲ ಬಿಸಿನೀರು ಕೊಟ್ಟು ಬೆಳೆಸಿದವನಲ್ಲವೇ. ಕ್ಷಮಿಸು ಅನ್ನುವ ಒಂದೇ ಮಾತು ಅವನ ಬಾಯಿಂದ ಬಿದ್ದಿದ್ದರೆ ಅಲ್ಲೇ ಪರದೆ ಹಿಡಿದುಕೊಂಡು ಎಲ್ಲ ಹೇಳಿಬಿಡುತ್ತಿದ್ದಳು. ಅವಳು ಕಾದಳು, ನಾನೂ ಕಾದೆ.

"ಖಾಲ್ತಿ" ಅಂದ ಜವಾದ್. "ಪುಸ್ತಕ ಎರಡನೇ ಸಲ ಅಚ್ಚಿಗೆ ಹೋಗ್ತಿದೆ. ಕೊನೆ ಬದಲಾಯಿಸಿ ಅಂತಿದ್ದಾರೆ. ಕೊಡದೊಳಗೆ ಯಾರಿದ್ರು ಅಷ್ಟು ಹೇಳಿಬಿಡಿ."

ಯಾರಿದ್ದರು ಎಂದು ನೀವು ನನ್ನನ್ನು ಕೇಳಬೇಡಿ, ನಾನೂ ಉಪ್ಪು ತಿಂದವಳು, ಮೇಲಾಗಿ ಈಗ ಹಗಲು. ಯಾಮ್ನಾ ಸಕ್ಕರೆಯ ಗೋಪುರವನ್ನು ತೆಗೆದುಕೊಂಡು ನನ್ನ ಕಟ್ಟೆಯ ಮೇಲಿಟ್ಟಳು. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ, ಮೊಣಕೈಯ ಸುಟ್ಟ ಕಲೆ ಅವನಿಗೆ ಚೆನ್ನಾಗಿ ಕಾಣುವಂತೆ, ಪರದೆ ಎಳೆದಳು.

"ಮುಂದಿನ ಸಲ ನಿಮ್ಮಪ್ಪನ ಜೊತೆ ಬಾ ಮಗಾ" ಅಂದಳು.