ಬೇಲಿಯಾಚೆ ಹಾಸಿದ ಧೋತರ

ಹ್ಯಾಮಿಲ್ಟನ್ನಿನಲ್ಲಿ ನಾನು ವಹಿಸಿಕೊಂಡ ಹುದ್ದೆಗಳಲ್ಲಿ ಅತ್ಯಂತ ಘನವಾದದ್ದು ಧೂಳಿನ ಮೇಲ್ವಿಚಾರಕನದು. ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಂಬಳ ಕೊಡುತ್ತಿದ್ದರು, ನಿಜ. ಆದರೆ ಕೆಂಪು ಬಾವುಟ ಕೊಟ್ಟಿರಲಿಲ್ಲ.

ನಮ್ಮ ಮಗಳಿಗೆ ಡರ್ಟ್ ಬೈಕಿನ ಹುಚ್ಚು. ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಆಕೆಯ ಕ್ಲಬ್ಬಿನವರು ವಾರವಾರ ಗುಡುಗುತ್ತಿದ್ದರು. ಟ್ರ್ಯಾಕಿನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದಳು. ಒಣಹಾಕಿದ ಬಟ್ಟೆಯೆಲ್ಲ ಕಂದಾಗುತ್ತದೆಂದು ಆಕೆ ಕೌನ್ಸಿಲ್‌ಗೆ ದೂರು ಕೊಟ್ಟಳು. ದೂರು ನ್ಯಾಯವಾದದ್ದೇ. ಟ್ರ್ಯಾಕಿನ ಧೂಳು ಬೇಲಿ ದಾಟಿ ನೆರೆಯವರನ್ನು ಪೀಡಿಸಕೂಡದು ಎಂಬುದು ನಿಯಮ. ಇನ್ನೊಂದು ಸಲ ಹೀಗಾದರೆ ಪರವಾನಗಿ ರದ್ದು, ಟ್ರ್ಯಾಕಿಗೆ ಬೀಗ ಎಂದು ಕೌನ್ಸಿಲ್ ಎಚ್ಚರಿಸಿತು. ಹತ್ತಿರದಲ್ಲಿ ಬೇರೆ ಟ್ರ್ಯಾಕ್ ಇರಲಿಲ್ಲ. ಮಗಳು ಎರಡು ದಿನ ಊಟ ಬಿಟ್ಟಳು, ಪಿಜ್ಜಾ ಬಿಡಲಿಲ್ಲ.

ಬೇಲಿ ಕಾಯಲು, ಧೂಳು ಅತ್ತ ಹೊರಟರೆ ಕೆಂಪು ಬಾವುಟ ಎತ್ತಿ ರೇಸು ನಿಲ್ಲಿಸಲು ಒಬ್ಬ ಬೇಕೆಂದು ಕ್ಲಬ್ ಸಭೆ ಸೇರಿ ನಿರ್ಣಯಿಸಿತು. ನನಗೆ ಬೈಕ್ ಬರುತ್ತಿರಲಿಲ್ಲ, ನನ್ನ ಬಳಿ ಮಡಚುವ ಕುರ್ಚಿಯಿತ್ತು. ಈ ಎರಡು ಅರ್ಹತೆಗಳ ಮೇಲೆ ಅವಿರೋಧವಾಗಿ ಆಯ್ಕೆಯಾದೆ.

ಆದರೆ ಎಷ್ಟು ಧೂಳು ದಾಟಿದರೆ ಪೀಡೆ? ನಿಯಮ ಅದನ್ನು ನೋಡುವವರ ವಿವೇಕಕ್ಕೆ ಬಿಟ್ಟಿತ್ತು. ನನ್ನ ವಿವೇಕದ ಬಗ್ಗೆ ಹೆಂಡತಿಗೆ ಮೊದಲಿಂದಲೂ ಅನುಮಾನ.

"ಅಷ್ಟ್ಯಾಕ ವಿಚಾರ ಮಾಡ್ತೀರಿ?" ಎಂದಳು, ಸಾಬೂದಾಣಿ ಹಿಟ್ಟು ತಿರುವುತ್ತ. "ಆ ಅಜ್ಜಿ ಅಂಗಳದಾಗ ನಿಮ್ಮ ಬಿಳೇ ಧೋತರ ಹಾಸ್ರಿ. ಅದರ ಮ್ಯಾಲೆ ನಾ ಸಂಡಿಗಿ ಹಾಕ್ತೀನಿ. ಹಸೀ ಸಂಡಿಗಿಗೆ ಒಂದ್ ಕಣಾ ಮಣ್ಣು ಕುಂತ್ರೂ ಕಾಣ್ತೈತಿ."

"ಬರೇ ಧೋತರ ಸಾಲಂಗಿಲ್ಲೇನು?"

"ಬರೇ ಧೋತರಾ ಹಾಸಿದ್ರ ನೀವು ಕುರ್ಚ್ಯಾಗ ಗೊರಕಿ ಹೊಡೀತೀರಿ. ನನ್ನ ಸಂಡಿಗಿ ಇದ್ರ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ತೀರಿ."

ಮಗಳು ಹೌಹಾರಿದಳು. "ಅಮ್ಮಾ, ಪ್ಲೀಸ್! ನಾಟ್ ದ ಧೋತಿ! ಎವ್ರಿವನ್ ವಿಲ್ ಸೀ!"

"ನೋಡ್ಲಿ ಬಿಡವ್ವಾ. ಒಗದದ್ದೈತಿ."

ಅಜ್ಜಿ ಒಪ್ಪಿದಳು. ರೇಸಿನ ದಿನ ಬೇಲಿಯ ಆಚೆ ಅವಳೂ ನನ್ನ ಹೆಂಡತಿಯೂ ನೆರಳಿನಲ್ಲಿ ಕುಳಿತು ಸಂಡಿಗೆ ನೋಡುತ್ತಿದ್ದರು. ಈಚೆ ನಾನು ಬಾವುಟ ಹಿಡಿದು ಅವರಿಬ್ಬರನ್ನು ನೋಡುತ್ತಿದ್ದೆ. ಬೆಳಿಗ್ಗೆಯೆಲ್ಲ ಗಾಳಿ ನಮ್ಮ ಮಾತು ಕೇಳಿತು.

ಕೊನೆಯ ರೇಸು. ಯಾವತ್ತೂ ಗೆದ್ದಿರದ ನನ್ನ ಮಗಳು ಅಂದು ಎಲ್ಲರಿಗಿಂತ ಮುಂದಿದ್ದಳು. ಇನ್ನೊಂದೇ ಸುತ್ತು. ಆಗಲೇ ಗಾಳಿ ತಿರುಗಬೇಕೇ? ಧೂಳಿನ ಮೋಡ ಮಗ್ಗುಲು ಬದಲಿಸಿ ಬೇಲಿಯ ಕಡೆ ಹೊರಟಿತು. ಹೆಂಡತಿ ಧಡಕ್ಕನೆ ಎದ್ದಳು.

"ರೀ! ಸಂಡಿಗಿ! ಬಾವುಟಾ ಎತ್ರಿ!"

"ಮಗಳು ಮುಂದ ಅದಾಳ! ಇನ್ನೊಂದ ಸುತ್ತು!"

"ಟ್ರ್ಯಾಕ ಹೋದ್ರ ಸುತ್ತು ಎಲ್ಲಿ ಹೊಡೀತಾಳ, ನಿಮ್ಮ ತಲೀ ಮ್ಯಾಲೆ?"

ಬಾವುಟ ಎತ್ತಿದೆ. ಮುಂದಿದ್ದವಳು ಅವಳೇ, ಮೊದಲು ಕಂಡದ್ದೂ ಅವಳಿಗೇ. ಕನ್ನಡಕಕ್ಕೆ ಮಣ್ಣು ಮೆತ್ತಿತ್ತು, ಕಾಣಲಿಲ್ಲ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವಳು ಅಲ್ಲೇ ಬ್ರೇಕ್ ಹಾಕಿ ಕೈ ಎತ್ತಿ ನಿಂತಳು. ಹಿಂದಿನವರೆಲ್ಲ ಬೈದುಕೊಂಡು ನಿಂತರು.

"ಸೀರಿಯಸ್ಲಿ, ಡ್ಯಾಡ್?"

"ಡ್ಯೂಟಿ ಮ್ಯಾಲೆ ಅದೀನವ್ವಾ," ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ.

ಟ್ಯಾಂಕರ್ ಬಂದು ನೀರು ಹೊಡೆಯಿತು. ಗಾಳಿ ತಣ್ಣಗಾದ ಮೇಲೆ ರೇಸು ಮತ್ತೆ ಮೊದಲಿಂದ ನಡೆಯಿತು. ಮಗಳು ನಾಲ್ಕನೆಯವಳಾದಳು. ಸಂಡಿಗೆ ಮಾತ್ರ ಬೆಳ್ಳಗೇ ಇತ್ತು. ಮನೆ ಮುಟ್ಟುವವರೆಗೂ ಮಗಳು ಕಾರಿನಲ್ಲಿ ಹೆಲ್ಮೆಟ್ ತೆಗೆಯಲಿಲ್ಲ.

ಬೇಸಿಗೆ ಮುಗಿಯುವಾಗ ಪರವಾನಗಿಯ ವಿಚಾರಣೆಗೆ ಕೌನ್ಸಿಲ್ಲಿನ ಅಧಿಕಾರಿ ಅಜ್ಜಿಯ ಮನೆಗೆ ಬಂದ. ಕ್ಲಬ್ಬಿನ ಪರವಾಗಿ ನಾನೂ ಇದ್ದೆ. ಧೂಳು ಹೇಗಿದೆ ಎಂದು ಕೇಳಿದ. ನನ್ನ ಹೆಂಡತಿ ಕರಿದು ಕೊಟ್ಟಿದ್ದ ಸಂಡಿಗೆಯ ತಟ್ಟೆಯನ್ನು ಅಜ್ಜಿ ಅವನ ಮುಂದಿಟ್ಟಳು.

"ಇವು ನನ್ನ ಅಂಗಳದಲ್ಲಿ ಒಣಗಿದವು. ಹಲ್ಲಿಗೆ ಮಣ್ಣು ಸಿಕ್ಕರೆ ಹೇಳು."

ಅವನು ಕಚ್ಚಿದ. ತನ್ನ ಅಗಿಯುವ ಸದ್ದನ್ನೇ ಕಿವಿಗೊಟ್ಟು ಕೇಳಿದ. ಬಳಿಕ, ಕೇವಲ ಖಚಿತಪಡಿಸಿಕೊಳ್ಳುವ ಸಲುವಾಗಿ, ಇನ್ನೊಂದನ್ನು ತೆಗೆದುಕೊಂಡ. ಪರವಾನಗಿ ಉಳಿಯಿತು.

ಮುಂದಿನ ರೇಸಿಗೆ ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಮಗಳು ಬೇಲಿಯಾಚೆ ಇದ್ದಳು. ಮನೆಯಲ್ಲಿ ಒಂದು ಟವೆಲ್ಲನ್ನೂ ಮಡಚದವಳು, ಮೊಣಕಾಲುದ್ದದ ಬೂಟಿನಲ್ಲೇ ಮಂಡಿಯೂರಿ, ಧೋತರದ ಸುಕ್ಕು ಎಳೆದು ಮೂಲೆಗಳಿಗೆ ಕಲ್ಲು ಇಡುತ್ತಿದ್ದಳು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇದೇನೆಂದು ಕೇಳಿದಳು.

"ದಟ್ಸ್ ಮೈ ಡ್ಯಾಡ್ಸ್," ಎಂದಳು ಮಗಳು. "ಇಫ್ ಇಟ್ ಗೋಸ್ ಬ್ರೌನ್, ಹೀ ಸ್ಟಾಪ್ಸ್ ಎವ್ರಿವನ್. ಈವನ್ ಮಿ."

ಗಾಳಿಯ ದಿಕ್ಕನ್ನು ತುರ್ತಾಗಿ ಪರಿಶೀಲಿಸುವ ಅಗತ್ಯ ಬಿದ್ದದ್ದರಿಂದ ನಾನು ಅತ್ತ ಮುಖ ತಿರುಗಿಸಿದೆ. ಪರಿಶೀಲನೆ ಸ್ವಲ್ಪ ಹೊತ್ತು ಹಿಡಿಯಿತು.